ಬೇಕಲದ ಕಡಲ ತಡಿಯಲ್ಲಿ

ಕರಾವಳಿಯ ಪ್ರವಾಸವೆಂದೊಡನೆ ನಮ್ಮವರು ಗೋವೆಯನ್ನೇ ನೆನೆಯುವರು. ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದ ಬೇಕಲದಲ್ಲಿ, ವೀರಶೈವ ದೊರೆ ಕೆಳದಿಯ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದ ಮುರಕಲ್ಲಿನ ಕೋಟೆ ಕಡಲಿಗೆ ಎದೆಯೊಡ್ಡಿ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿರುಸಿನ ಮಳೆ. ಆದ್ದರಿಂದ ಡಿಸೆಂಬರ್ ರಜೆಯನ್ನೇ ಆರಿಸಿಕೊಂಡೆವು. ಮಂಗಳೂರಿನಿಂದ ರೈಲು ಅನುಕೂಲ.

ಇಷ್ಟಲಿಂಗ ಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ತಾಯಿಯವರು, ಪರಸ್ಥಳದಲ್ಲಿ ಪೂಜೆಗೆ ಅಡ್ಡಿಯಾದೀತೆಂದು ಎರಡು ವರ್ಷ ಹೊರಡಲೇ ಒಪ್ಪಿರಲಿಲ್ಲ. ಹೀಗಾಗಿ ಕೋಣೆ ಗೊತ್ತುಮಾಡುವಾಗಲೇ ಮುಂಜಾನೆಯ ಬಿಸಿನೀರು, ಸಸ್ಯಾಹಾರದ ಅಡಿಗೆ ಎರಡನ್ನೂ ವಿಚಾರಿಸಿದೆವು. ವಿಭೂತಿ ಅವರ ಕೈಚೀಲದಲ್ಲಿಯೇ ಇತ್ತು. ಕಾವಲು ಬುರುಜಿಗೆ ಇಳಿಜಾರಿನ ಹಾದಿಯಿರುವುದರಿಂದ ಮಂಡಿನೋವಿನ ಅವರೂ ಮೆಲ್ಲನೆ ಏರಿದರು. ಎಪ್ಪತ್ತಾರರ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರ ಕಂಡವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಇನ್ನೊಂದು ದಿನ ಇರೋಣೇನಪ್ಪಾ?” ಎಂದರು.