ಎರಡನೆಯ ತುಳಿತ

ವಾಹನವು ಹೊರಡದಿದ್ದರೆ ಮನುಷ್ಯನು ಮನೆಯಲ್ಲಿ ಉಳಿಯುವನು. ನಿಲ್ಲದಿದ್ದರೆ ಎಲ್ಲಿ ಉಳಿಯುವನೆಂದು ಹೇಳಲಾಗದು. ಆದರೂ ಲೋಕವು ವೇಗವನ್ನು ಕೊಂಡಾಡುವಷ್ಟು ತಡೆಯನ್ನು ನೆನೆಯುವುದಿಲ್ಲ.

ಬಳ್ಳಾರಿಯ ವೃದ್ಧ ವಕೀಲರೊಬ್ಬರಲ್ಲಿ ಹಳೆಯ ಅಂಬಾಸಡರ್ ಕಾರೊಂದುಂಟು. ಆ ಜಾತಿಯ ಕಾರುಗಳ ತಯಾರಿಕೆಯು 2014ರಲ್ಲಿಯೇ ನಿಂತಿತಾದರೂ ವಕೀಲರ ಮೋಹವು ನಿಂತಿಲ್ಲ. ಕೆಲವು ವಾರಗಳಿಂದ ಅದರ ಬ್ರೇಕಿನ ಪೆಡಲು ದಿನೇ ದಿನೇ ಆಳಕ್ಕಿಳಿಯುತ್ತಿದ್ದಿತು. ಎರಡು ಸಲ ತುಳಿದರೆ ಹಿಡಿಯುತ್ತಿದ್ದುದರಿಂದ ಅವರು ಅದನ್ನು ಗಣಿಸಲಿಲ್ಲ. ಸಿರುಗುಪ್ಪದ ಮದುವೆಗೆಂದು ಪತ್ನಿಯನ್ನೂ ಮೊಮ್ಮಗಳನ್ನೂ ಕುಳ್ಳಿರಿಸಿಕೊಂಡು, ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ದರ್ಶನಮಾಡಿ ಮುಂದುವರಿಯುವ ಸಂಕಲ್ಪದಿಂದ ಹೊರಟರು. ಕುರುಗೋಡಿನ ಸಮೀಪದಲ್ಲಿ ಕುರಿಮಂದೆಯೊಂದು ದಾರಿಗಡ್ಡವಾಯಿತು. ಮೊದಲ ತುಳಿತಕ್ಕೆ ಪೆಡಲು ತಳ ಮುಟ್ಟಿತು. ಎರಡನೆಯದಕ್ಕೆ ಕಾರು ನಿಂತಿತು. ಕುರಿಗಾಹಿ ಹುಡುಗನಿಗೂ ಕಾರಿಗೂ ನಡುವೆ ಉಳಿದಿದ್ದುದು ಒಂದು ಮೊಳ.

ಊರಿನ ಮುದಿ ಮೇಸ್ತ್ರಿಯೊಡನೆ ವಕೀಲರು, “ಸ್ವಲ್ಪ ಬ್ರೇಕ್ ಎಣ್ಣೆ ಸುರಿದು ಕಳುಹಿಸಪ್ಪಾ, ಮುಹೂರ್ತ ಮೀರುತ್ತದೆ” ಎಂದರು.

“ಎಣ್ಣೆ ಸುರಿಯೋದಲ್ಲ ಯಜಮಾನ್ರೇ, ರೋಗ ಯಾವುದಂತ ಮೊದಲು ನೋಡಬೇಕು” ಎಂದು ಆತನು ಪೆಡಲನ್ನು ಒತ್ತಿಹಿಡಿದನು. ಅದು ಮೆಲ್ಲಮೆಲ್ಲನೆ ಮುಳುಗಿದ್ದರೆ ಎಣ್ಣೆಯು ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನೊಳಗಣ ರಬ್ಬರು ಸವೆದಿದೆಯೆಂದರ್ಥ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದರ್ಥ. ದ್ರವವು ಒತ್ತಡವನ್ನು ನಾಲ್ಕು ಚಕ್ರಗಳಿಗೂ ಸಮನಾಗಿ ಒಯ್ಯುವುದು, ಗಾಳಿಯಾದರೋ ತಾನೇ ಕುಗ್ಗಿ ಆ ಶ್ರಮವನ್ನು ನುಂಗುವುದು. ಇಲ್ಲಿ ಎರಡೂ ಅಲ್ಲ. ಎರಡನೆಯ ತುಳಿತಕ್ಕೆ ಪೆಡಲು ಮೇಲೆದ್ದು ಕಲ್ಲಿನಂತೆ ಗಟ್ಟಿಯಾಗುತ್ತಿದ್ದಿತು. ಲೈನರು ಸವೆದು ಡ್ರಮ್ಮಿನಿಂದ ದೂರವಾಗಿದ್ದುದರಿಂದ, ಮೊದಲ ತುಳಿತವೆಲ್ಲ ಆ ಅಂತರವನ್ನು ದಾಟುವುದರಲ್ಲಿಯೇ ವ್ಯಯವಾಗುತ್ತಿದ್ದಿತು.

ಜಾಕಿಯ ಮೇಲೆ ಚಕ್ರವನ್ನೆತ್ತಿ, ಲೈನರು ಡ್ರಮ್ಮಿಗೆ ತಾಗುವವರೆಗೆ ಬಿಗಿಸಿ, ಚಕ್ರವು ಸರಾಗವಾಗಿ ತಿರುಗುವಷ್ಟು ಮಾತ್ರ ಸಡಿಲಿಸುವುದು ಇದಕ್ಕೆ ಮದ್ದು. ಆದರೆ ಹಿಂದಿನ ಒಂದು ಚಕ್ರದಲ್ಲಿ ಲೈನರು ರಿವೆಟ್ಟಿನವರೆಗೆ ಸವೆದಿದ್ದಿತು. ಒಂದೇ ಪಕ್ಕಕ್ಕೆ ಹೊಸದು ಹಾಕಿದರೆ ಕಾರು ಅತ್ತ ಎಳೆಯುವುದೆಂದು ಮೇಸ್ತ್ರಿಯು ಎರಡು ಪಕ್ಕಗಳಿಗೂ ಬಳ್ಳಾರಿಯಿಂದ ತರಿಸಿದನು. ಪತ್ನಿಯೂ ಮೊಮ್ಮಗಳೂ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದರು. ವಕೀಲರು ಬೇವಿನ ನೆರಳಿನಲ್ಲಿ ಸಂಜೆಯವರೆಗೆ ಕುಳಿತರು, ಮುಹೂರ್ತ ತಪ್ಪಿತು.

ಸಂಜೆ ಮೇಸ್ತ್ರಿಯು ಕೇಳಿದನು: “ಎಷ್ಟು ದಿನದಿಂದ ಎರಡು ಸಲ ತುಳೀತಿದ್ರಿ ಯಜಮಾನ್ರೇ?”

ನ್ಯಾಯಾಲಯದಲ್ಲಿ ನಲವತ್ತು ವರ್ಷ ಮಾತಾಡಿದ ವಕೀಲರಿಗೆ ಉತ್ತರ ಹೊರಡಲಿಲ್ಲ. ಅವರ ಕಣ್ಣಮುಂದೆ ಆ ಹುಡುಗನೂ ಆ ಒಂದು ಮೊಳವೂ ನಿಂತಿದ್ದುವು.