ಆಯಿಗೆ ತಂದ ಸೇಬು

ಬೀದರದ ಚೌಬಾರಾ ಬಿಟ್ಟು ಕೋಟೆಯ ದಾರಿ ಹಿಡಿಯಿರಿ. ಮಹಮೂದ್ ಗವಾನನ ಮದರಸಾದ ಮಿನಾರು ಕಾಣುವ ಮುಂಚೆಯೇ ಒಂದು ಓಣಿಗೆ ಹೊರಳಿ. ಕೆಂಪುಕಲ್ಲಿನ ಗೋಡೆ, ಸವೆದ ಮೆಟ್ಟಿಲು, ಕಟ್ಟೆಯ ಮೇಲೆ ಬಿಸಿಲಿಗೆ ಹರವಿದ ಕೌದಿ. ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಡಿಸೆಂಬರಿನ ಮಧ್ಯಾಹ್ನ ಎರಡು ಗಂಟೆಯಾದರೂ ಫರಶಿ ನೆಲ ಕಾಲಿಗೆ ತಣ್ಣಗೆ ತಾಗುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಊರು. ಚಳಿಗಾಲದಲ್ಲಿ ಇಲ್ಲಿನ ಮನೆಗಳು ಹೊತ್ತೇರಿದ ಮೇಲೂ ಬೆಚ್ಚಗಾಗುವುದಿಲ್ಲ.

ನಾಳೆ ಎಳ್ಳ ಅಮಾಸಿ, ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಪಡಸಾಲೆಯ ತುಂಬ ಸೊಪ್ಪು, ಹಸಿ ಕಾಳು. ಮೆಂತ್ಯ ಒಂದು ಗುಡ್ಡೆ, ಪಾಲಕ ಒಂದು ಗುಡ್ಡೆ, ಸುಲಿದ ತೊಗರಿ, ಅವರೆ, ಬಟಾಣಿ. ಇವೆಲ್ಲ ರಾತ್ರಿ ಕಡಲೆಹಿಟ್ಟು, ಹುಣಸೆಹುಳಿಯ ಜೊತೆ ದೊಡ್ಡ ಪಾತ್ರೆಯಲ್ಲಿ ಕುದ್ದು ಭಜ್ಜಿಯಾಗುತ್ತವೆ. ಸಜ್ಜೆ ರೊಟ್ಟಿ, ಅಂಬಲಿಯ ಜೊತೆ ಬೆಳಿಗ್ಗೆ ಭಾಲ್ಕಿ ಕಡೆಯ ಹೊಲಕ್ಕೆ ಹೋಗುತ್ತವೆ. ಸೊಪ್ಪಿನ ನಡುವೆ ಕುಳಿತು ಬೆರಳಿನಿಂದ ಎಲೆ ಕೀಳುತ್ತಿರುವ ಮುದುಕಿಯೇ ಆಯಿ. ಜ್ವರದಿಂದ ಎದ್ದು ಬಂದ ಮುಖ ಇನ್ನೂ ಸೊರಗಿದೆ. ಆದರೆ ಕೈ ನಿಂತಿಲ್ಲ.

ಅಡುಗೆಮನೆಯಲ್ಲಿ ಇರುವವರು ಸೊಸೆ. ಓಣಿಯವರೆಲ್ಲ ಅವರನ್ನು ವೈನಿ ಎನ್ನುತ್ತಾರೆ, ನೀವೂ ಹಾಗೇ ಅನ್ನಿ. ಭಜ್ಜಿಯ ಒಲೆ ಹೊತ್ತುವ ಮುಂಚೆ ಅವರಿಗೆ ಒಂದೆರಡು ತಾಸು ಬಿಡುವಿದೆ. ಅಷ್ಟರಲ್ಲಿ ಅವರು ಮುಗಿಸಬೇಕೆಂದಿರುವ ಕೆಲಸ ಆ ಮೂಲೆಯ ಪ್ಲಾಸ್ಟಿಕ್ ಚೀಲದಲ್ಲಿದೆ.

ಚೀಲದ ತುಂಬ ಸೇಬು. ಆಯಿ ಆಸ್ಪತ್ರೆಯಲ್ಲಿದ್ದಾಗ ಬಂದವು. ಈ ಸೀಮೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಔರಾದದಿಂದ ಬಸ್ಸು ಹತ್ತಿ ಬಂದ ತಂಗಿಯೂ, ಭಾಲ್ಕಿಯ ಬೀಗರೂ, ಓಣಿಯ ನೆರೆಯವರೂ ಆಸ್ಪತ್ರೆಯ ಗೇಟಿನ ಬಂಡಿಯಲ್ಲಿ ಸೇಬನ್ನೇ ಕೊಂಡು ಒಳಗೆ ಬಂದರು. ಅದೇ ಬಂಡಿಯಲ್ಲಿ ಪೇರಲವೂ ಬಾರಿಹಣ್ಣೂ ಇದ್ದವು, ರುಚಿಗೆ ಸೇಬಿಗಿಂತ ಯಾವುದರಲ್ಲೂ ಕಡಿಮೆಯಲ್ಲ. ಆದರೂ ಕಾಯಿಲೆಯವರಿಗೆ ತುಟ್ಟಿಯ ಹಣ್ಣನ್ನೇ ಒಯ್ಯುವುದರಲ್ಲಿ ಒಂದು ಗೌರವವಿದೆ. ತೊಡಕೆಂದರೆ, ಆಯಿಗೆ ಸೇಬು ಕಚ್ಚುವಷ್ಟು ಹಲ್ಲಿಲ್ಲ. ಬಂದವರು ಕೊಟ್ಟರು, ಆಯಿ ಹಣೆಗೊತ್ತಿಕೊಂಡು ಪಕ್ಕಕ್ಕಿಟ್ಟರು. ಹಣ್ಣು ಮನೆಗೆ ಬಂದು ಮೆತ್ತಗಾಯಿತು.

“ಮಂದಿ ಪ್ರೀತಿಲೆ ತಂದಾರ. ಚೆಲ್ಲಬ್ಯಾಡ,” ಪಡಸಾಲೆಯಿಂದ ಆಯಿಯ ದನಿ.

“ಚೆಲ್ಲಂಗಿಲ್ರಿ ಅತ್ತಿ. ನೀವೇ ತಿನ್ನೋಹಂಗ ಮಾಡ್ತೀನಿ,” ಎನ್ನುತ್ತಾ ವೈನಿ ನಿಮ್ಮ ಕೈಗೆ ಒಂದು ಹಣ್ಣು ಕೊಡುತ್ತಾರೆ.

ಹೆಬ್ಬೆರಳಿನಿಂದ ಒತ್ತಿ ನೋಡಿ. ಸಿಪ್ಪೆ ಇನ್ನೂ ಕೆಂಪಗೆ ಹೊಳೆಯುತ್ತಿದೆ, ಒಳಗಿನ ತಿರುಳು ಮಾತ್ರ ತಗ್ಗುತ್ತದೆ. ಒಂದು ಹೋಳು ಬಾಯಿಗೆ ಹಾಕಿದರೆ ಹಿಟ್ಟುಹಿಟ್ಟು. ಇದು ಕೆಟ್ಟ ಹಣ್ಣಲ್ಲ. ಗಟ್ಟಿ ಸೇಬನ್ನು ಕಚ್ಚಿದಾಗ ತಿರುಳಿನ ಕೋಶಗಳು ಒಡೆದು ರಸ ಚಿಮ್ಮುತ್ತದೆ. ದಿನ ಕಳೆದಂತೆ ಕೋಶಕ್ಕೂ ಕೋಶಕ್ಕೂ ನಡುವೆ ಅಂಟಾಗಿದ್ದ ಪೆಕ್ಟಿನ್ ಸಡಿಲಾಗುತ್ತದೆ. ಆಗ ಹಲ್ಲು ತಾಗಿದರೆ ಕೋಶಗಳು ಒಡೆಯದೆ ಒಂದರಿಂದೊಂದು ಕಳಚಿಕೊಳ್ಳುತ್ತವೆ, ರಸ ಒಳಗೇ ಉಳಿಯುತ್ತದೆ. ಸಿಹಿಯೂ ಪರಿಮಳವೂ ಎಲ್ಲಿಗೂ ಹೋಗಿಲ್ಲ. ತುರಿದು ಬಿಸಿಗೆ ಇಟ್ಟರೆ ಎರಡೂ ಹೊರಗೆ ಬರುತ್ತವೆ. ಕೊಳೆತದ್ದು, ಹುಳಿವಾಸನೆ ಬಂದದ್ದು ಮಾತ್ರ ಬೇಡ. ಅಂಥದನ್ನು ವೈನಿ ಆಗಲೇ ಆರಿಸಿ ತೆಗೆದಿದ್ದಾರೆ.

ವೈನಿ ಮಾಡಹೊರಟಿರುವುದು ಸೇಬಿನ ಬ್ರೆಡ್ಡು. ಹಿಟ್ಟಿಗೆ ಕೈ ಹಾಕುವ ಮೊದಲು ಕುಕ್ಕರ್ ಕಾಯಬೇಕು. ಈ ಮನೆಯಲ್ಲಿ ಓವನ್ ಇಲ್ಲ. ಐದು ಲೀಟರಿನ ಹಳೆಯ ಅಲ್ಯುಮಿನಿಯಂ ಕುಕ್ಕರಿದೆ, ಇದೊಂದು ಕೆಲಸಕ್ಕೇ ಮೀಸಲು. ಒಣ ಶಾಖ ಕಂಡ ಕುಕ್ಕರನ್ನು ವೈನಿ ಮತ್ತೆ ಬೇಳೆ ಬೇಯಿಸಲು ಬಳಸುವುದಿಲ್ಲ. ಮುಚ್ಚಳದ ರಬ್ಬರ್ ರಿಂಗು ತೆಗೆದರು, ಸೀಟಿ ತೆಗೆದರು. ಇದನ್ನು ಗಮನವಿಟ್ಟು ನೋಡಿ, ಇವೆರಡೂ ಇದ್ದರೆ ಒಳಗೆ ಒತ್ತಡ ಕಟ್ಟಿಕೊಂಡು ಅಪಾಯ. ತಳಕ್ಕೆ ಒಂದು ಬೆರಳೆತ್ತರ ಉಪ್ಪು, ಅದರ ಮೇಲೆ ಮುಕ್ಕಾಲಿ, ನೀರು ಒಂದು ಹನಿಯೂ ಇಲ್ಲ. ಗ್ಯಾಸಿನ ಉರಿ ತಳದ ಒಂದೇ ಕಡೆ ಕಚ್ಚದಂತೆ ಉಪ್ಪು ಅದನ್ನು ಹರಡುತ್ತದೆ. ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಲು ಬಿಟ್ಟರು.

ಸುತ್ತಲೂ ಬಿಸಿ ಕಟ್ಟಿ ಬೇಯಿಸುವ ಈ ಬಗೆ ಬೀದರಕ್ಕೆ ಹೊಸತಲ್ಲ. ಹಳೆಯ ಊರಿನ ಮದುವೆಗಳಲ್ಲಿ ಬಿರಿಯಾನಿಯ ದೇಗಿನ ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಮೇಲೆ ಕೆಂಡ ಹರವಿ ದಮ್ ಕೊಡುವುದನ್ನು ಈ ಓಣಿಯ ಮಕ್ಕಳೆಲ್ಲ ನೋಡಿಯೇ ಬೆಳೆದವರು. ಹೈದರಾಬಾದಿನಲ್ಲಿ ಹೆಸರು ಮಾಡಿದ ಕಲ್ಯಾಣಿ ಬಿರಿಯಾನಿ ಹೊರಟದ್ದೂ ಇದೇ ಜಿಲ್ಲೆಯ ಬಸವಕಲ್ಯಾಣದ ನವಾಬರ ಮನೆಯಿಂದ. ಆಯಿಯ ತವರಿನಲ್ಲಿ ಕಟ್ಟಿಗೆ ಒಲೆಯ ಕಾಲದಲ್ಲಿ ಮುಚ್ಚಳದ ಮೇಲೂ ಕೆಂಡವಿಟ್ಟು ಸಿಹಿ ಬೇಯಿಸುತ್ತಿದ್ದರಂತೆ. ಓವನ್ ಇಲ್ಲದ ಮನೆಯಲ್ಲಿ ಬ್ರೆಡ್ಡು ಆಗದು ಎನ್ನುವವರು ಈ ಊರಿನ ಅಡುಗೆಯನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಎಣಿಕೆ.

ವೈನಿಯ ಮಗಳು ತುರಿಯೋಮಣೆ ಹಿಡಿದು ಕೂತಳು. ಮುನ್ನೂರು ಗ್ರಾಮಿನಷ್ಟು ಸೇಬು, ಅಂದರೆ ನಡುಗಾತ್ರದವು ಎರಡು. ಒಂದನ್ನು ಸಿಪ್ಪೆಸಹಿತ ತುರಿಯಬೇಕು. ಇನ್ನೊಂದನ್ನು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಬೇಕು. ತುರಿದದ್ದು ಹಿಟ್ಟಿನಲ್ಲಿ ಕರಗಿ ಒದ್ದೆ ಉಳಿಸುತ್ತದೆ, ಹೆಚ್ಚಿದ್ದು ಬಾಯಿಗೆ ಸಿಗುತ್ತದೆ. ತುರಿ ನೋಡುನೋಡುತ್ತ ಕಂದಾಯಿತು. ಹುಡುಗಿಗೆ ಗಾಬರಿ. ಗಾಳಿ ತಾಗಿದರೆ ಸೇಬು ಹಾಗೇ, ಬೆಲ್ಲದ ಹಿಟ್ಟಿನಲ್ಲಿ ಆ ಬಣ್ಣ ಯಾರಿಗೂ ಕಾಣುವುದಿಲ್ಲ.

ಹುಡುಗಿ ತುರಿಯುತ್ತಿರುವ ತಳಿಯ ಹೆಸರು ಡಿಲೀಷಿಯಸ್. ಅದು ಹಿಮಾಲಯದ ಬೆಟ್ಟಗಳಿಗೆ ಬಂದ ದಾರಿಯೂ ರೋಗಿಗಳ ಹಾಸಿಗೆಯ ಪಕ್ಕದಿಂದಲೇ ಶುರುವಾದದ್ದು. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದ ತರುಣ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಶಿಮ್ಲಾ ಬೆಟ್ಟಗಳಿಗೆ ಬಂದ, ಕೋಟಗಢದಲ್ಲಿ ನೆಲೆನಿಂತ, ಅಲ್ಲಿಯವಳನ್ನೇ ಮದುವೆಯಾದ, ಗಾಂಧೀಜಿಯ ಚಳವಳಿಯಲ್ಲಿ ಜೈಲಿಗೂ ಹೋದ. 1916ರ ಹೊತ್ತಿಗೆ ಅಮೆರಿಕದಿಂದ ಡಿಲೀಷಿಯಸ್ ಸಸಿ ತರಿಸಿ ನೆಟ್ಟು, ಬೆಟ್ಟದ ರೈತರಿಗೆ ಹಂಚಿದ. ಹಿಮಾಚಲದ ಸೇಬಿನ ಬಾಳು ಕುದುರಿದ್ದು ಅಲ್ಲಿಂದ. ಆ ಹಣ್ಣು ಇಂದು ಲಾರಿಯೇರಿ ದಖ್ಖನ್ನಿನ ಈ ತುದಿಗೂ ಬಂದು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತದೆ.

ಈಗ ಹಿಟ್ಟು. ಗಿರಣಿಯಲ್ಲಿ ಬೀಸಿದ ಗೋಧಿಹಿಟ್ಟು ಇನ್ನೂರು ಗ್ರಾಮ್. ಮೈದಾ ಹಾಕಿದರೆ ಹಗುರಾಗುತ್ತದೆ ನಿಜ, ಆದರೆ ಬೆಲ್ಲ ಮತ್ತು ಸೇಬಿನ ಜೊತೆಗೆ ತೌಡಿರುವ ಗೋಧಿಯ ಘಮವೇ ಸರಿ. ಜರಡಿಯಲ್ಲಿ ಅದರ ಜೊತೆ ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ, ಒಣಶುಂಠಿ, ಒಂದಿಷ್ಟು ದಾಲ್ಚಿನ್ನಿ ಪುಡಿ. ಚಮಚವೆಂದರೆ ಚಹಾದ ಚಮಚ, ತಲೆ ಸವರಿದ್ದು. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬಂದುಬಿಡುತ್ತದೆ.

ಇನ್ನೊಂದು ಬೋಗುಣಿಯಲ್ಲಿ ಬೆಲ್ಲ, ಪುಡಿ ಮಾಡಿದ್ದು ನೂರ ನಲವತ್ತು ಗ್ರಾಮ್. ಬೀದರದಲ್ಲಿ ಬೆಲ್ಲ ದೂರದ ಪದಾರ್ಥವಲ್ಲ. ಈ ದಿನಗಳಲ್ಲಿ ಭಾಲ್ಕಿಯ ರಸ್ತೆಗೆ ಬಿದ್ದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆಯೇ ಸಾಗಬೇಕು. ಬೆಲ್ಲಕ್ಕೆ ಅರ್ಧ ಕಪ್ಪು ಹುಳಿ ಮೊಸರು, ಅದಕ್ಕಿಂತ ಕಡಿಮೆ ಕುಸುಬಿ ಎಣ್ಣೆ. ಕರಗುವವರೆಗೂ ತಿರುವಿ. ಕುಸುಬಿಯ ಎಣ್ಣೆಗೆ ತನ್ನದೇ ಗಾಟಿಲ್ಲ, ಸೇಬಿನ ವಾಸನೆಗೆ ಅಡ್ಡ ಬರುವುದಿಲ್ಲ. ತತ್ತಿ ಈ ಮನೆಗೆ ಬರುವುದಿಲ್ಲ, ಮೊಸರೇ ಅದರ ಕೆಲಸವನ್ನೂ ಮಾಡುತ್ತದೆ.

ತತ್ತಿಯಿಲ್ಲದೆ, ಹಿಟ್ಟು ಹುಳಿಯಲು ಕಾಯದೆ ಬ್ರೆಡ್ಡು ಉಬ್ಬಿಸುವ ಪುಡಿ ಒಬ್ಬ ಗಂಡ ಹೆಂಡತಿಗಾಗಿ ಹುಡುಕಿದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ಅಂಗಡಿಯವನಿದ್ದ. ಅವನ ಹೆಂಡತಿಗೆ ತತ್ತಿ ಒಗ್ಗುತ್ತಿರಲಿಲ್ಲ. 1837ರಲ್ಲಿ ಅವಳಿಗೆಂದು ತತ್ತಿ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ. ಯೀಸ್ಟೂ ಒಗ್ಗುತ್ತಿರಲಿಲ್ಲ, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಇವತ್ತು ಬೀದರದ ಕಿರಾಣಿ ಅಂಗಡಿಯಲ್ಲಿ ಆ ಎರಡು ಡಬ್ಬಿಗಳೂ ಒಂದೇ ಫಳಿಯ ಮೇಲಿರುತ್ತವೆ. ತಿನ್ನಲಾಗದವರಿಗಾಗಿ ಅಡುಗೆಯನ್ನೇ ಬದಲಿಸಿದವನ ಪುಡಿ, ಕಚ್ಚಲಾಗದ ಆಯಿಯ ಅಡುಗೆಗೂ ಬಂತು.

“ಈಗ ಲಗೂ ಮಾಡಬೇಕು ನೋಡ್ರಿ,” ಎನ್ನುತ್ತಾರೆ ವೈನಿ. ಇಲ್ಲಿಯವರೆಗೆ ಮಾತಾಡುತ್ತ ಮಾಡಿದ ಕೆಲಸ, ಇನ್ನು ಮಾತಿಲ್ಲ. ಮೊಸರಿನ ಹುಳಿಗೆ ಸೋಡಾ ತಾಗಿದ ಕ್ಷಣವೇ ಅನಿಲ ಏಳತೊಡಗುತ್ತದೆ. ಗುಳ್ಳೆ ಹಿಟ್ಟಿನೊಳಗೆ ಇರುವಾಗಲೇ ಬಿಸಿ ತಾಗಿ ಅದು ಗಟ್ಟಿಯಾಗಬೇಕು. ಒಣಹಿಟ್ಟನ್ನು ಬೆಲ್ಲದ ಬೋಗುಣಿಗೆ ಸುರಿದರು, ಸೇಬು ಹಾಕಿದರು, ಮರದ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚಿದರು. ಬಿಗಿಯಾಯಿತೆನಿಸಿ ಎರಡು ಚಮಚ ಹಾಲು. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು, ಸೌಟಿನಿಂದ ಮುದ್ದೆಯಾಗಿ ಜಾರಬೇಕು.

ಹುಡುಗಿ ಸೌಟು ಕಸಿದುಕೊಂಡು ತಿರುವತೊಡಗಿದಳು.

“ಸಾಕು, ಸಾಕು! ಭಾಳ ತಿರುವಿದ್ರ ಗಟ್ಟಿ ಆಗ್ತದ.”

“ಗಂಟ ಅವ ಅಲ್ಲಾ ಅವ್ವಾ?”

“ಇರಲಿ ಬಿಡು. ಬೇಯುವಾಗ ಹೋಗ್ತಾವ.”

ಚಪಾತಿಯ ಹಿಟ್ಟನ್ನು ನಾದಿನಾದಿ ಜಿಗುಟು ತರಿಸುವ ಕೈಗೆ ಇಲ್ಲಿ ತಡೆದುಕೊಳ್ಳುವುದು ಕಷ್ಟ. ಗೋಧಿಯ ಜಿಗುಟು ಹೆಚ್ಚಾದಷ್ಟೂ ಈ ಬ್ರೆಡ್ಡು ಬಿರುಸು. ಆಯಿಯ ವಸಡಿಗೆ ಆಗಬೇಕಾದ ತಿನಿಸು ಇದು, ಒಂದೆರಡು ಗಂಟು ಉಳಿದರೂ ಕೈ ಬಿಗಿಹಿಡಿಯಲೇಬೇಕು.

ತುಪ್ಪ ಸವರಿ ಹಿಟ್ಟು ಉದುರಿಸಿದ ಆರಿಂಚಿನ ಡಬ್ಬಿಗೆ ಸುರಿದು, ಎರಡು ಸಲ ಕಟ್ಟೆಗೆ ಕುಟ್ಟಿದರು. ಮೇಲೆ ಒಂದು ಹಿಡಿ ಬಿಳಿ ಎಳ್ಳು. ಇದು ಯಾವ ಪುಸ್ತಕದಲ್ಲೂ ಇದ್ದದ್ದಲ್ಲ. ನಾಳೆಯ ಹಬ್ಬಕ್ಕೆ ತಂದ ಎಳ್ಳು ಕಣ್ಣೆದುರಿಗಿತ್ತು, ವೈನಿಯ ಕೈ ಹೋಯಿತು. ಮುಚ್ಚಳ ತೆಗೆದಾಗ ಕುಕ್ಕರಿನಿಂದ ಒಣ ಬಿಸಿ ಮುಖಕ್ಕೆ ಹೊಡೆಯುತ್ತದೆ, ಹಿಂದೆ ಸರಿಯಿರಿ. ಇಕ್ಕಳದಲ್ಲಿ ಡಬ್ಬಿ ಇಳಿಯಿತು. ಉರಿ ಸಣ್ಣದು.

ಇನ್ನು ಮುಕ್ಕಾಲು ತಾಸು. ಮೊದಲ ಅರ್ಧ ತಾಸು ಮುಚ್ಚಳ ಮುಟ್ಟುವಂತಿಲ್ಲ, ತಣ್ಣನೆ ಗಾಳಿ ಹೊಕ್ಕರೆ ನಡು ಕುಸಿಯುತ್ತದೆ. ಹಿತ್ತಲಿಗೆ ಬಂದು ನಿಲ್ಲಿ. ವಾಯುಪಡೆಯ ನೆಲೆಯಿಂದ ಎದ್ದ ಹಾಕ್ ತರಬೇತಿ ವಿಮಾನ ಓಣಿಯ ಮೇಲಿಂದ ಗುಡುಗಿ ಹೋಗುತ್ತದೆ. ಇಲ್ಲಿ ಯಾರೂ ತಲೆಯೆತ್ತುವುದಿಲ್ಲ, ಮಾತು ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯುತ್ತದೆ.

“ನಮ್ಮ ಹೊಲದಾಗ ಸೇಬ್ ಯಾಕ ಬರಂಗಿಲ್ಲ? ಇಷ್ಟು ಥಂಡಿ ಅದ ಅಲ್ಲಾ?” ಹುಡುಗಿಯ ಪ್ರಶ್ನೆ. ಬೀದರದ ಥಂಡಿ ಕೌದಿಯೊಳಗಿನವರಿಗೆ ಸಾಕು, ಡಿಲೀಷಿಯಸ್ ಗಿಡಕ್ಕೆ ಸಾಲದು. ಅದರ ಮೊಗ್ಗು ಬಿರಿಯಬೇಕಾದರೆ ಚಳಿಗಾಲದಲ್ಲಿ ಏಳು ಡಿಗ್ರಿಗೂ ಕೆಳಗಿನ ಶೀತ ಸಾವಿರ ತಾಸಿನಷ್ಟು ಬೇಕು. ಅಷ್ಟು ಶೀತ ಬೇಡದ ತಳಿಯೂ ಈಗ ಇದೆ. ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99. ಅದಕ್ಕಾಗಿ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕೆಂಪುಕಲ್ಲಿನ ಈ ನೆಲದಲ್ಲಿ ತಾನಾಗಿ ಬೆಳೆಯುವ ಸೀತಾಫಲ ಬಿಟ್ಟು ಸೇಬಿನ ಹಿಂದೆ ಹೋಗಬೇಕೇ ಎಂಬುದು ಬೇರೆ ಮಾತು. ನನ್ನ ಮನಸ್ಸು ಸೀತಾಫಲದ ಕಡೆಗೇ.

ವಾಸನೆ ಬಂತು. ಮೊದಲು ಬೆಲ್ಲ, ಅದರ ಹಿಂದೆ ಹುರಿದ ಎಳ್ಳು, ಕೊನೆಗೆ ಸೇಬು. ಪಡಸಾಲೆಯಲ್ಲಿ ಆಯಿಯ ಬೆರಳು ಸೊಪ್ಪಿನ ಮೇಲೆ ನಿಂತಿತು.

ವೈನಿ ಮುಚ್ಚಳ ಸರಿಸಿ ಚಾಕು ಚುಚ್ಚಿದರು. ತುದಿಗೆ ಹಸಿ ಅಂಟಿತು. ಇನ್ನು ಹತ್ತು ನಿಮಿಷ. ಮತ್ತೆ ಚುಚ್ಚಿದಾಗ ಚಾಕು ಚೊಕ್ಕ ಬಂತು. ಅಂಚು ಡಬ್ಬಿಯಿಂದ ಬಿಟ್ಟಿದೆ. ಮೇಲ್ಭಾಗ ಬೇಕರಿಯದರಷ್ಟು ಕೆಂಪಗಾಗಿಲ್ಲ. ಕುಕ್ಕರಿನಲ್ಲಿ ಮೇಲಿಂದ ಉರಿ ಇಲ್ಲವಲ್ಲ. ಮಗುಚಿ ಹಾಕಿ ನೋಡಿ, ಅಡಿಭಾಗ ಕಾಸಿದ ಬೆಲ್ಲದ ಬಣ್ಣಕ್ಕೆ ತಿರುಗಿದೆ.

ಆರಿದ ಮೇಲೆ ಕೊಯ್ದರೆ ಹೋಳು ಮುರಿಯದೆ ನಿಲ್ಲುತ್ತದೆ, ಸೇಬಿನ ತೇವ ಎಲ್ಲೆಡೆ ಇಳಿದು ರಾತ್ರಿ ಕಳೆದ ಮೇಲೆ ಇನ್ನೂ ರುಚಿ. ಇದೆಲ್ಲ ಗೊತ್ತಿದ್ದೂ ವೈನಿ ಬಿಸಿಯಲ್ಲೇ ಒಂದು ಮೂಲೆ ಮುರಿದು, ಬಸಿಯಲ್ಲಿಟ್ಟು, ಚಹಾದ ಜೊತೆ ಪಡಸಾಲೆಗೆ ಒಯ್ದರು.

ಆಯಿ ಮೊದಲು ಮೂಸಿದರು. ಒಂದು ಚೂರು ಬಾಯಿಗಿಟ್ಟು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರು. ಇನ್ನೊಂದು ಚೂರು. ಚಹಾ ಮುಟ್ಟಲಿಲ್ಲ.

“ಮೆತ್ತಗದ,” ಎಂದರು. ಆಮೇಲೆ, “ಇದು ಯಾರು ತಂದ ಸೇಬ?”

“ಎಲ್ಲಾರದೂ ಕೂಡ್ಯಾದ್ರಿ ಅತ್ತಿ. ಔರಾದದ ಅತ್ತಿದೂ ಅದ, ಬೀಗರದೂ ಅದ.”

ಆಯಿ ಬಸಿ ಕೆಳಗಿಟ್ಟು ಲೆಕ್ಕ ಹಾಕತೊಡಗಿದರು. ಔರಾದದ ತಂಗಿಯ ಮನೆಯವರು ನಾಳೆ ಹೊಲಕ್ಕೆ ಬರುತ್ತಾರೆ. ಬೀಗರು ಬರುತ್ತಾರೆ. ಓಣಿಯಲ್ಲಿ ಎದುರುಮನೆ, ಮೂಲೆಮನೆ. ಆಸ್ಪತ್ರೆಯಲ್ಲಿ ರಾತ್ರಿ ಕಾಲು ಒತ್ತಿದ ಹುಡುಗಿ. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದು ಎಲ್ಲರೂ ಎಲೆಯ ಮುಂದೆ ಕೂತಾಗ ಭಜ್ಜಿಯ ಪಕ್ಕ ಒಂದೊಂದು ಹೋಳು ಬೀಳಲೇಬೇಕು. ಬೆರಳೆಣಿಕೆ ಮುಗಿಯಿತು. ಒಂದು ಡಬ್ಬಿ ಸಾಲುವುದಿಲ್ಲ. ಚೀಲದಲ್ಲಿ ಕೊಳೆಯದೆ ಉಳಿದಿರುವ ಸೇಬೂ ಸಾಲುವುದಿಲ್ಲ.

ವೈನಿಯ ಮಗಳು ಆಗಲೇ ಚಪ್ಪಲಿ ಮೆಟ್ಟಿ ಉಸ್ಮಾನಗಂಜ್ ಪೇಟೆಗೆ ಹೊರಟಾಗಿತ್ತು. ಆಯಿ ಹಿಂದಿನಿಂದ ಕೂಗಿದರು:

“ಗಟ್ಟಿದು ತರಬ್ಯಾಡ ನನ ಕೂಸ! ಮೆತ್ತಂದು ಬ್ಯಾರೆ ಇಟ್ಟಿರ್ತಾನ ನೋಡು, ಅದನ್ನ ಕೇಳು. ಅರ್ಧ ರೇಟಿಗೆ ಕೊಡ್ತಾನ.”