ಒಡ್ಯಾಣ ತೊಟ್ಟ ನೊಣ

ಫೆಬ್ರವರಿಯ ಒಂದು ಭಾನುವಾರ ಲೋದಿ ಗಾರ್ಡನ್ನಿಗೆ ಹೋಗಿ ಬನ್ನಿ. ಜೋರ್ ಬಾಗ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ದೆಹಲಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಆ ತೋಟ ಹೊಸದಲ್ಲ, ಬಲ್ಲೆ. 15ನೇ ಶತಮಾನದ ಮುಹಮ್ಮದ್ ಷಾನ ಗೋರಿ, 1517ರಲ್ಲಿ ತೀರಿಕೊಂಡ ಸಿಕಂದರ್ ಲೋದಿಯ ಗೋರಿ ಎರಡೂ ಅಲ್ಲಿವೆ. ಅವುಗಳ ಸುತ್ತ 1936ರಲ್ಲಿ ಬ್ರಿಟಿಷರು ಉದ್ಯಾನ ಮಾಡಿಸಿ ಲೇಡಿ ವಿಲಿಂಗ್ಡನ್ ಹೆಸರಿಟ್ಟರು. 1947ರ ನಂತರ ಈಗಿನ ಹೆಸರು ಬಂತು. ಚರಿತ್ರೆ ಇಷ್ಟು ಸಾಕು. ನಾನು ನಿಮ್ಮನ್ನು ನಿಲ್ಲಿಸಬೇಕೆಂದಿರುವುದು ಹೂವಿನ ಪಾತಿಯ ಮುಂದೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಿಸಿಲು ಹದವಾಗಿರುತ್ತದೆ. ಕಿತ್ತಳೆ ಬಣ್ಣದ ಮೈಗೆ ಕಪ್ಪು ಪಟ್ಟಿಗಳಿರುವ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದದ ಕೀಟವೊಂದು ಹೂವಿನ ಮೇಲೆ ಗಾಳಿಯಲ್ಲಿ ದಾರಕ್ಕೆ ಕಟ್ಟಿ ತೂಗಿಬಿಟ್ಟಂತೆ ನಿಂತಿರುತ್ತದೆ. ಪಕ್ಕದಲ್ಲಿ ಯಾರಾದರೂ "ತತೈಯಾ!" ಎಂದು ಕೂಗಿ ದುಪಟ್ಟಾ ಬೀಸುತ್ತಾರೆ. ತತೈಯಾ ಎಂದರೆ ನಮ್ಮ ಕಣಜ. ಅದು ಕಣಜವಲ್ಲ, ಜೇನೂ ಅಲ್ಲ. ಕುಟುಕಲು ಅದಕ್ಕೆ ಕೊಂಡಿಯೇ ಇಲ್ಲ. ವಿಂಧ್ಯದ ಕೆಳಗಿನವರೆಲ್ಲ 'ಮದ್ರಾಸಿ'ಗಳು ಎನ್ನುವವರ ಮೇಲೆ ನಿಮ್ಮ ಅಪ್ಪಂದಿರು ಎಷ್ಟು ಸಲ ಸಿಡುಕಿಲ್ಲ? ಹಳದಿ ಕಪ್ಪು ಇದ್ದದ್ದೆಲ್ಲ ತತೈಯಾ ಎನ್ನುವುದೂ ಅದೇ ಜಾತಿಯ ಮಾತು.

ಮೊದಲು ರೆಕ್ಕೆ ಎಣಿಸಿ. ಕಣಜಕ್ಕೂ ಜೇನಿಗೂ ನಾಲ್ಕು, ನೊಣಕ್ಕೆ ಎರಡೇ. ಹಿಂದಿನ ಎರಡರ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಪುಟ್ಟ ಗುಬಟುಗಳಿರುತ್ತವೆ. ಹಾರುವಾಗ ತೂಕ ತಪ್ಪದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಮೀಸೆ ಮೋಟು, ಕಣ್ಣು ಮುಖದ ತುಂಬ, ಕಣಜದಂತೆ ದಾರವಾದ ಸೊಂಟವಿಲ್ಲ. ಇಷ್ಟಾದರೆ ಅದು ಹೋವರ್‌ಫ್ಲೈ. ನಮ್ಮ ಕೃಷಿ ಪುಸ್ತಕಗಳು ಸಿರ್ಫಿಡ್ ನೊಣ ಎನ್ನುತ್ತವೆ. ಭೂತಗನ್ನಡಿ ಹಿಡಿದರೆ ರೆಕ್ಕೆಯ ನಡುವೆ ಯಾವ ನರಕ್ಕೂ ಸೇರದ ಸುಳ್ಳು ನರವೊಂದು ಕಾಣುತ್ತದೆ. ಆ ಕುಟುಂಬದ ಗುರುತು ಅದು.

ಇನ್ನು ಇದು ಯಾವ ನೊಣ ಎಂಬ ಪ್ರಶ್ನೆ. ಹೊಟ್ಟೆಯ ಮೂರು ಮತ್ತು ನಾಲ್ಕನೆಯ ಭಾಗಗಳನ್ನು ನೋಡಿ. ಪ್ರತಿಯೊಂದರ ಹಿಂದಿನ ಅಂಚಿನಲ್ಲಿ ದಪ್ಪ ಕಪ್ಪು ಪಟ್ಟಿ, ಅದರ ಮುಂದೆ ಇನ್ನೊಂದು ತೆಳು ಗೆರೆ. ಸೀರೆಯ ಅಂಚಿನ ಪಕ್ಕ ಸಣ್ಣ ಗೆರೆಯೊಂದು ಓಡುವುದಿಲ್ಲವೇ, ಹಾಗೆ. ಈ ಜೋಡಿ ಗೆರೆ ಇದ್ದರೆ ಅದು ಎಪಿಸಿರ್ಫಸ್ ಬಾಲ್ಟಿಯೇಟಸ್. 1776ರಲ್ಲಿ ಸ್ವೀಡನ್ನಿನ ಡಿ ಗೀರ್ ಇಟ್ಟ ಹೆಸರಿನಲ್ಲಿ 'ಬಾಲ್ಟಿಯೇಟಸ್' ಎಂದರೆ ನಡುಪಟ್ಟಿ ಕಟ್ಟಿದ್ದು. ಇಂಗ್ಲಿಷಿನವರು ಬಣ್ಣ ನೋಡಿ 'ಮಾರ್ಮಲೇಡ್' ಎಂದರು. ಬೆಳಗಿನ ತಿಂಡಿಯ ನೆನಪಾಗಿರಬೇಕು! ನನ್ನನ್ನು ಕೇಳಿದ್ದರೆ ಒಡ್ಯಾಣದ ನೊಣ ಎನ್ನುತ್ತಿದ್ದೆ.

ಒಂದು ಎಚ್ಚರಿಕೆ. ಬಣ್ಣವನ್ನೇ ಪೂರ್ತಿ ನಂಬಬೇಡಿ. ಕೋಶದೊಳಗಿದ್ದಾಗ ಚಳಿ ಹೆಚ್ಚಿದ್ದರೆ ಕಪ್ಪು ಹರಡಿ ಮೈ ಮಂಕಾಗುತ್ತದೆ. ಸೆಕೆಯಲ್ಲಿ ಬೆಳೆದದ್ದರಲ್ಲಿ ಕಿತ್ತಳೆ ಹೆಚ್ಚಿ ತೆಳು ಗೆರೆ ಮಾಸಿಯೇ ಹೋಗಬಹುದು. ದೆಹಲಿಯ ಜನವರಿಯ ನೊಣಕ್ಕೂ ಮಾರ್ಚಿನ ನೊಣಕ್ಕೂ ವ್ಯತ್ಯಾಸ ಕಂಡರೆ ಬೇರೆ ಜಾತಿಯೆಂದು ತೀರ್ಮಾನಿಸಬೇಡಿ. ಗಂಡು ಹೆಣ್ಣು ಹೇಳುವುದು ಸುಲಭ: ನೆತ್ತಿಯ ಮೇಲೆ ಎರಡೂ ಕಣ್ಣು ಕೂಡಿದ್ದರೆ ಗಂಡು, ನಡುವೆ ಸಂದಿಯಿದ್ದರೆ ಹೆಣ್ಣು.

ಇಷ್ಟೆಲ್ಲ ಏಕೆ ಎನ್ನುವಿರಾದರೆ, ನಿಮ್ಮ ಬಾಲ್ಕನಿಯ ಸೇವಂತಿಗೆ ಕುಂಡಕ್ಕೆ ಬನ್ನಿ. ಎಳೆ ಚಿಗುರಿಗೆ ಹೇನು ಮುತ್ತಿದೆ. ಅಮ್ಮ ಔಷಧಿ ಹೊಡೆಯಲು ಹೊರಟಿದ್ದಾರೆ. ಸ್ವಲ್ಪ ತಡೆಯಿರಿ ಅನ್ನಿ. ಎಲೆ ಮಗುಚಿ ನೋಡಿ. ಹೇನಿನ ನಡುವೆ ಕಾಲಿಲ್ಲದ, ಒಳಗಿನದು ಹೊರಗೆ ಕಾಣುವಷ್ಟು ತೆಳುಮೈಯ ಹುಳುವೊಂದು ತಲೆಯಾಡಿಸುತ್ತ ಒಂದೊಂದೇ ಹೇನನ್ನು ಎತ್ತಿ ಹೀರುತ್ತಿದ್ದರೆ ಅದು ಈ ನೊಣದ ಬಳಗದ ಮರಿ. ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿಂದು ಮುಗಿಸುತ್ತದೆ. ಔಷಧಿ ಬಿದ್ದರೆ ಹೇನಿನ ಜೊತೆ ಅದೂ ಸಾಯುತ್ತದೆ. ಹೇನು ಬೇಗ ಮರಳಿ ಬರುತ್ತದೆ, ಹುಳು ಬರುವುದಿಲ್ಲ. ಅದೇ ಕುಂಡದ ಪಕ್ಕ ನಾಲ್ಕು ಕೊತ್ತಂಬರಿ ಕಾಳು ಊರಿ, ಸಾರಿಗೆ ಕೀಳದೆ ಹೂ ಬಿಡಲು ಬಿಡಿ. ಆ ಬಿಳಿ ಹೂವಿನ ಪರಾಗ ತಿಂದೇ ಹೆಣ್ಣು ನೊಣ ಮೊಟ್ಟೆ ಇಡಲು ಸಿದ್ಧವಾಗುವುದು.